ಮೈಕ್ ಹಿಡಿದವರು, ಮೈದಾನ ಕಟ್ಟಿದವರು: ಸ್ಥಳೀಯ ಕ್ರೀಡಾ ಸನ್ಮಾನ ಮಾಡುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

ಟೊರಾಂಟೊದ ಮೇಪಲ್ ಲೀಫ್ ಗಾರ್ಡನ್ಸ್ ಕ್ರೀಡಾಂಗಣದಲ್ಲಿ ಎತ್ತರಕ್ಕೆ ನೇತುಹಾಕಿದ್ದ ಒಂದು ಕಾಮೆಂಟರಿ ಕಟ್ಟೆ ಇತ್ತು. ಅಲ್ಲಿ ಕೂತು ಫಾಸ್ಟರ್ ಹ್ಯೂಯಿಟ್ ದಶಕಗಳ ಕಾಲ ಐಸ್ ಹಾಕಿ ಪಂದ್ಯಗಳ ಕಾಮೆಂಟರಿ ಹೇಳಿದರು. ಕೆನಡಾದ ಮನೆಮನೆಗೂ ಗೊತ್ತಿದ್ದ ದನಿ ಅದು. 1979ರಲ್ಲಿ ಕ್ರೀಡಾಂಗಣದ ನವೀಕರಣ ನಡೆದಾಗ ಆ ಕಟ್ಟೆಯನ್ನು ಕಿತ್ತು ಸುಟ್ಟುಬಿಟ್ಟರು. ಹ್ಯೂಯಿಟ್ ಹೆಸರಿನಲ್ಲಿ ಕಾಮೆಂಟೇಟರ್‌ಗಳಿಗೆ ಪ್ರಶಸ್ತಿ ಶುರುವಾಗಿದ್ದು ಅದಾದ ಐದು ವರ್ಷಕ್ಕೆ, 1984ರಲ್ಲಿ.

ಇಡೀ ದೇಶಕ್ಕೆ ಗೊತ್ತಿದ್ದವರ ಕಥೆಯೇ ಹೀಗಾದರೆ, ಶಾಲಾ ಪಂದ್ಯಗಳಿಗೆ ಮೈಕ್ ಹಿಡಿದವರ ಕಥೆ ಏನಾಗಬೇಡ? ಕ್ಲಬ್ಬಿನ ಬೀಗದ ಕೈ ಇಟ್ಟುಕೊಂಡು ಬೆಳಿಗ್ಗೆ ಐದೂವರೆಗೆ ಗೇಟು ತೆಗೆದವರ ಕಥೆ?

ಇಂಥವರನ್ನು ಗೌರವಿಸಬೇಕು ಅಂತ ಎಲ್ಲರಿಗೂ ಅನ್ನಿಸುತ್ತದೆ. ಆದರೆ ಹೆಚ್ಚಿನ ಸಂಘಗಳು ಮೊದಲು ಸಭಾಂಗಣ ಬುಕ್ ಮಾಡುತ್ತವೆ, ಆಮೇಲೆ ಅತಿಥಿಗಳನ್ನು ಹುಡುಕುತ್ತವೆ, ಕೊನೇ ವಾರದಲ್ಲಿ 'ಯಾರಿಗೆ ಕೊಡೋಣ?' ಅಂತ ಕೂರುತ್ತವೆ. ಈ ಮಾರ್ಗದರ್ಶಿಯಲ್ಲಿ ಕ್ರಮ ತಿರುಗುಮುರುಗು. ಮೊದಲು ಹುಡುಕಾಟ, ನಂತರ ದಾಖಲೆ, ಆಮೇಲೆ ಆಯ್ಕೆ. ಕಾರ್ಯಕ್ರಮ ಎಲ್ಲಕ್ಕಿಂತ ಕೊನೆಗೆ, ಎಲ್ಲಕ್ಕಿಂತ ಚಿಕ್ಕದಾಗಿ. ಶುರುವಿನಿಂದ ಕೊನೆಯವರೆಗೆ ಎಂಟರಿಂದ ಹತ್ತು ತಿಂಗಳು ಇಟ್ಟುಕೊಳ್ಳಿ. ಮೂರು ತಿಂಗಳಲ್ಲೂ ಮುಗಿಸಬಹುದು. ಆದರೆ ಆಗ ಎಲ್ಲರಿಗೂ ಮೊದಲೇ ಗೊತ್ತಿರುವ ಹೆಸರುಗಳೇ ಮತ್ತೆ ಬರುತ್ತವೆ.

ಹಂತ 1: ಯಾರಿಗೆ, ಯಾಕೆ ಅಂತ ಬರೆದಿಡಿ

ಕಾಮೆಂಟೇಟರ್ ಮತ್ತು ಕ್ರೀಡಾ ಸಂಘಟಕ, ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಒಬ್ಬರ ಕೆಲಸ ಕಿವಿಗೆ ಬೀಳುತ್ತದೆ. ಇನ್ನೊಬ್ಬರ ಕೆಲಸ ನಿಂತುಹೋದಾಗ ಮಾತ್ರ ಗೊತ್ತಾಗುತ್ತದೆ. ಇಬ್ಬರಿಗೂ ಸೇರಿಸಿ ಒಂದೇ ಪ್ರಶಸ್ತಿ ಇಟ್ಟರೆ ಪ್ರತಿ ವರ್ಷ ಗೆಲ್ಲುವುದು ಹೆಸರು ಗೊತ್ತಿರುವ ದನಿಯೇ.

ದೊಡ್ಡ ಸಂಸ್ಥೆಗಳೂ ಇವನ್ನು ಬೇರೆ ಬೇರೆಯಾಗಿಯೇ ಇಟ್ಟಿವೆ. ಐಸ್ ಹಾಕಿಯ ದಿಗ್ಗಜರನ್ನು ಗೌರವಿಸುವ ಸಂಸ್ಥೆಯಾದ ಟೊರಾಂಟೊದ ಹಾಕಿ ಹಾಲ್ ಆಫ್ ಫೇಮ್‌ನಲ್ಲಿ ಆಟಗಾರರು, ಅಂಪೈರಿಂಗ್ ಮಾಡುವವರು, ಆಟವನ್ನು ಕಟ್ಟಿ ಬೆಳೆಸಿದವರು ಅಂತ ಪ್ರತ್ಯೇಕ ವಿಭಾಗಗಳಿವೆ. ಕಾಮೆಂಟೇಟರ್‌ಗಳಿಗೆ ಕೊಡುವ ಫಾಸ್ಟರ್ ಹ್ಯೂಯಿಟ್ ಪ್ರಶಸ್ತಿ ಇವೆಲ್ಲದರ ಹೊರಗಿದೆ. ಅಮೆರಿಕದ ಬೇಸ್‌ಬಾಲ್ ಹಾಲ್ ಆಫ್ ಫೇಮ್ 1978ರಿಂದ ಪ್ರಸಾರಕರಿಗಾಗಿಯೇ ಫೋರ್ಡ್ ಸಿ. ಫ್ರಿಕ್ ಪ್ರಶಸ್ತಿ ಕೊಡುತ್ತಿದೆ. ಬ್ರಿಟನ್ನಿನ ಬಿಬಿಸಿ 2003ರಿಂದ ಎಲೆಮರೆಯ ಸಂಘಟಕರಿಗಾಗಿ ಬೇರೆಯೇ ಪ್ರಶಸ್ತಿ ಇಟ್ಟಿದೆ. ಏನನ್ನೂ ಬಯಸದೆ ತಮ್ಮ ಸುತ್ತಲಿನವರ ಆಟಕ್ಕಾಗಿ ಸಮಯ ಕೊಟ್ಟವರಿಗೆ ಅದು ಸಲ್ಲುತ್ತದೆ.

ನಿಮ್ಮ ಸಂಘಕ್ಕೆ ಎರಡು ವಿಭಾಗ ಸಾಕು. ಒಂದೊಂದು ವಿಭಾಗಕ್ಕೂ ಮೂರು ನಾಲ್ಕು ವಾಕ್ಯಗಳ ಮಾನದಂಡ ಬರೆಯಿರಿ. ಜಾಸ್ತಿ ಬರೆದರೆ ಯಾರೂ ಓದುವುದಿಲ್ಲ.

ಕಾಮೆಂಟೇಟರ್‌ಗಳಿಗೆ ಮಾನದಂಡ ಬರೆಯುವಾಗ ಒಂದು ಹಳೆಯ ಪ್ರಸಂಗ ನೆನಪಿಟ್ಟುಕೊಳ್ಳಿ. 1927ರ ಜನವರಿ 15ರಂದು ಬಿಬಿಸಿ ರೇಡಿಯೊ ಮೊದಲ ಬಾರಿಗೆ ರಗ್ಬಿ ಪಂದ್ಯವೊಂದರ ನೇರ ಕಾಮೆಂಟರಿ ಪ್ರಸಾರ ಮಾಡಿತು. ಲಂಡನ್ನಿನ ಟ್ವಿಕನ್‌ಹ್ಯಾಮ್ ಕ್ರೀಡಾಂಗಣದಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್ ಆಡಿದ ಪಂದ್ಯ. ಮೈಕ್ ಮುಂದೆ ಕೂತವರು ಟೆಡ್ಡಿ ವೇಕ್‌ಲಮ್. ಅವರ ಪಕ್ಕದಲ್ಲಿ ಕಣ್ಣು ಕಾಣದ ಒಬ್ಬರನ್ನು ಕೂರಿಸಿದ್ದರು. 'ಇವರಿಗೆ ಆಟ ಅರ್ಥವಾಗುವ ಹಾಗೆ ಹೇಳಿ' ಅನ್ನುವುದು ಏರ್ಪಾಟು. ಕಾಮೆಂಟರಿಯನ್ನು ಅಳೆಯಲು ಇದಕ್ಕಿಂತ ಒಳ್ಳೆ ಪರೀಕ್ಷೆ ನನಗೆ ಗೊತ್ತಿಲ್ಲ. ಹಾಗಾಗಿ ನಿಮ್ಮ ಮಾನದಂಡದ ಮೊದಲ ಪ್ರಶ್ನೆ ಇದಾಗಲಿ: ಕಣ್ಣು ಮುಚ್ಚಿ ಕೇಳಿದರೆ ಚೆಂಡು ಎಲ್ಲಿದೆ, ಯಾರ ಹತ್ತಿರ ಇದೆ, ಸ್ಕೋರು ಎಷ್ಟು ಅಂತ ಗೊತ್ತಾಗುತ್ತದೆಯೇ? ಎರಡನೆಯದು, ಎದುರಾಳಿ ತಂಡದ ಒಳ್ಳೆ ಆಟವನ್ನೂ ಮನಸ್ಸು ಬಿಚ್ಚಿ ಹೇಳುತ್ತಾರೆಯೇ? ಮೂರನೆಯದು, ಯಾರೂ ಗಮನಿಸದ ಪಂದ್ಯಗಳಿಗೆ, ಅಂದರೆ ಹುಡುಗಿಯರ ತಂಡ, ಅಂಗವಿಕಲರ ಕ್ರೀಡೆ, ಚಿಕ್ಕ ಮಕ್ಕಳ ಪಂದ್ಯಗಳಿಗೆ ಅವರು ಮೈಕ್ ಹಿಡಿದಿದ್ದಾರೆಯೇ?

ಸಂಘಟಕರಿಗೆ ಒಂದೇ ಪ್ರಶ್ನೆ ಸಾಕು. ಇವರು ಇಲ್ಲದಿದ್ದರೆ ಏನು ನಿಂತುಹೋಗುತ್ತಿತ್ತು? ಉತ್ತರದಲ್ಲಿ ಒಂದು ಕ್ಲಬ್ಬು, ಒಂದು ಟೂರ್ನಿ, ಒಂದು ಮೈದಾನ, ಒಂದು ವಯಸ್ಸಿನ ಮಕ್ಕಳ ತಂಡ ಹೀಗೆ ಗಟ್ಟಿಯಾದ ಏನಾದರೂ ಬರಬೇಕು. 'ಕ್ರೀಡೆಗೆ ತುಂಬಾ ಸೇವೆ ಮಾಡಿದ್ದಾರೆ' ಅಂತ ಮಾತ್ರ ಬಂದರೆ ಇನ್ನೂ ವಿಚಾರಿಸುವುದಿದೆ ಎಂದರ್ಥ.

ಎಷ್ಟು ವರ್ಷದ ಸೇವೆ ಬೇಕು ಅನ್ನುವ ಚರ್ಚೆ ಬಂದೇ ಬರುತ್ತದೆ. ಹತ್ತು ವರ್ಷ ಅಂತ ಇಟ್ಟುಕೊಂಡರೆ ಸಾಮಾನ್ಯವಾಗಿ ಜಗಳ ಇರುವುದಿಲ್ಲ. ಆದರೆ ಆಟವೇ ಇಲ್ಲದ ಕಡೆ ನಾಲ್ಕು ವರ್ಷದಲ್ಲಿ ತಂಡ ಕಟ್ಟಿದವರೂ ಇರುತ್ತಾರೆ. ಅಂಥವರಿಗೆ ಸಮಿತಿ ವಿನಾಯಿತಿ ಕೊಡಬಹುದು ಅಂತ ಒಂದು ಸಾಲು ಸೇರಿಸಿ.

ಹಂತ 2: ಸಮಿತಿ ಚಿಕ್ಕದಿರಲಿ

ಐದು ಅಥವಾ ಏಳು ಜನ. ಮತ ಸಮ ಆಗಬಾರದು ಅಂತ ಬೆಸ ಸಂಖ್ಯೆ. ಹಾಕಿ ಹಾಲ್ ಆಫ್ ಫೇಮ್‌ನ ಆಯ್ಕೆ ಸಮಿತಿಯಲ್ಲಿ 18 ಜನ ಇದ್ದಾರೆ. ಅದು ಅವರ ಗಾತ್ರಕ್ಕೆ ಸರಿ. ಸ್ಥಳೀಯ ಸಮಿತಿಯಲ್ಲಿ 18 ಜನರನ್ನು ಹಾಕಿದರೆ ಕೋರಂ ಆಗುವುದೇ ಕಷ್ಟ.

ಯಾರಿರಬೇಕು? ಒಬ್ಬ ಹಳೆ ಆಟಗಾರ ಅಥವಾ ಆಟಗಾರ್ತಿ, ಒಬ್ಬ ಅಂಪೈರ್ ಇಲ್ಲವೇ ಸ್ಕೋರರ್, ಶಾಲೆಯ ದೈಹಿಕ ಶಿಕ್ಷಕರೊಬ್ಬರು, ಸದ್ಯ ಆಡುತ್ತಿರುವ ಯುವಕ ಅಥವಾ ಯುವತಿ, ದಾಖಲೆ ಇಡುವ ಅಭ್ಯಾಸ ಇರುವ ಒಬ್ಬರು. ಸ್ಕೋರರ್ ಇದ್ದರೆ ಬಹಳ ಅನುಕೂಲ. ಯಾರು ಯಾವ ವರ್ಷ ಇದ್ದರು, ಯಾರು ಸುಮ್ನೆ ಫೋಟೊಗೆ ಬಂದು ಹೋದರು ಅನ್ನುವುದು ಅವರಿಗೆ ಗೊತ್ತಿರುತ್ತದೆ.

ಎರಡು ನಿಯಮ ಮೊದಲೇ ಲಿಖಿತವಾಗಿ ಇರಲಿ. ಒಂದು, ನೆಂಟರ, ಪಾಲುದಾರರ, ಸ್ವಂತ ಕ್ಲಬ್ಬಿನವರ ಹೆಸರು ಬಂದಾಗ ಆ ಸದಸ್ಯರು ಎದ್ದು ಹೊರಗೆ ಹೋಗಬೇಕು. ಮತ ಹಾಕದೆ ಕೂತಿರುವುದು ಸಾಲದು. ಅವರೆದುರು ಉಳಿದವರು ಬಾಯಿ ಬಿಡುವುದಿಲ್ಲ. ಎರಡನೆಯದು, ಯಾರೂ ಮೂರು ವರ್ಷಕ್ಕಿಂತ ಹೆಚ್ಚು ಸಮಿತಿಯಲ್ಲಿ ಇರಬಾರದು.

ಹಂತ 3: ಹೆಸರುಗಳನ್ನು ಹುಡುಕಿಕೊಂಡು ಹೋಗಿ

ನಾಮನಿರ್ದೇಶನ ಕರೆದು ಕಾಯುತ್ತಾ ಕೂತರೆ ಬರುವ ಅರ್ಜಿಗಳು ಯಾರವು? ಅರ್ಜಿ ಬರೆಯಲು ಬರುವವರ ಪರಿಚಯಸ್ಥರವು. ಮೂವತ್ತು ವರ್ಷ ಸುಣ್ಣದ ಗೆರೆ ಎಳೆದವರ ಪರವಾಗಿ ಅರ್ಜಿ ಬರೆಯುವವರು ಕಡಿಮೆ.

ಅದಕ್ಕೆ ಸಮಿತಿಯವರೇ ಮೈದಾನಕ್ಕೆ ಇಳಿಯಬೇಕು. ಮೈದಾನ ನೋಡಿಕೊಳ್ಳುವವರನ್ನು, ತಂಡದ ಗಾಡಿ ಓಡಿಸುವವರನ್ನು, ಅಂಪೈರ್‌ಗಳನ್ನು ಮಾತಾಡಿಸಿ. 'ಯಾರಿಗೆ ಪ್ರಶಸ್ತಿ ಕೊಡಬೇಕು?' ಅಂತ ಕೇಳಬೇಡಿ. ಕೇಳಿದರೆ ದೊಡ್ಡವರ ಹೆಸರೇ ಬರುತ್ತದೆ. ಬದಲಿಗೆ, 'ಮಳೆ ಬಂದು ಪಂದ್ಯ ನಿಂತಾಗ ಯಾರಿಗೆ ಫೋನ್ ಮಾಡ್ತಿದ್ರಿ?' ಅಂತ ಕೇಳಿ. 'ಬಡ ಹುಡುಗನಿಗೆ ಶೂ ಬೇಕಾದಾಗ ಯಾರ ಹತ್ತಿರ ಹೋಗ್ತಿದ್ರಿ?' ಅಂತ ಕೇಳಿ. ಒಂದೇ ಹೆಸರು ಮೂರು ಕಡೆ ಬಂದರೆ ಗುರುತು ಹಾಕಿಕೊಳ್ಳಿ.

ನಾಮನಿರ್ದೇಶನದ ನಮೂನೆ ಒಂದೇ ಪುಟ ಇರಲಿ. ವ್ಯಕ್ತಿಯ ಹೆಸರು, ಯಾವ ಆಟ, ಸುಮಾರು ಯಾವ ವರ್ಷದಿಂದ ಯಾವ ವರ್ಷದವರೆಗೆ, ಅವರು ಮಾಡಿದ ಒಂದು ಕೆಲಸದ ವಿವರ, ಅದನ್ನು ಕಣ್ಣಾರೆ ಕಂಡ ಇಬ್ಬರ ಹೆಸರು. ಇಷ್ಟು ಸಾಕು. ಬಾಯಿಮಾತಿನಲ್ಲಿ ಹೇಳಿದ್ದನ್ನು ಸಮಿತಿಯವರೇ ಬರೆದುಕೊಳ್ಳುವ ಅವಕಾಶವೂ ಇರಲಿ. ಒಮ್ಮೆ ಬಂದ ಹೆಸರು ಮೂರು ವರ್ಷ ಪಟ್ಟಿಯಲ್ಲಿ ಉಳಿಯಲಿ. ಪ್ರತಿ ವರ್ಷ ಮತ್ತೆ ಅರ್ಜಿ ಹಾಕಿಸುವುದು ಸರಿಯಲ್ಲ.

ಪಟ್ಟಿ ತಯಾರಾದ ಮೇಲೆ ಒಮ್ಮೆ ದೂರದಿಂದ ನೋಡಿ. ಬರೀ ಗಂಡಸರೇ ಇದ್ದಾರೆಯೇ? ಒಂದೇ ಆಟದವರೇ ತುಂಬಿದ್ದಾರೆಯೇ? ಹಾಕಿ ಹಾಲ್ ಆಫ್ ಫೇಮ್ 1945ರಿಂದ ಆಟಗಾರರನ್ನು ಸೇರಿಸಿಕೊಳ್ಳುತ್ತಾ ಬಂದಿತ್ತು. ಮೊದಲ ಆಟಗಾರ್ತಿಯರಾದ ಆ್ಯಂಜೆಲಾ ಜೇಮ್ಸ್ ಮತ್ತು ಕ್ಯಾಮಿ ಗ್ರ್ಯಾನಟೊ ಒಳಗೆ ಬಂದಿದ್ದು 2010ರಲ್ಲಿ. ಅಷ್ಟು ವರ್ಷ ಹೆಂಗಸರು ಆಡಲೇ ಇಲ್ಲವೇ? ಆಡಿದ್ದರು. ಯಾರೂ ಹುಡುಕಲಿಲ್ಲ ಅಷ್ಟೇ. ನಿಮ್ಮ ಪಟ್ಟಿಯಲ್ಲೂ ಅಂಥ ಖಾಲಿ ಜಾಗ ಕಂಡರೆ ಇನ್ನೊಂದು ತಿಂಗಳು ಹುಡುಕಿ.

ಹಂತ 4: ದನಿ ಮತ್ತು ದಾಖಲೆ ಉಳಿಸಿಕೊಳ್ಳಿ

ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ. ಪ್ರಶಸ್ತಿ ಯಾರಿಗೇ ಸಿಗಲಿ, ಪಟ್ಟಿಯಲ್ಲಿರುವ ಎಲ್ಲರ ದಾಖಲೆಯನ್ನೂ ಸಂಗ್ರಹಿಸಿ. ಮುಂದಿನ ವರ್ಷ ಕೇಳಿದರಾಯಿತು ಅನ್ನಬೇಡಿ. ಇಲ್ಲಿ ಬರುವ ಹೆಚ್ಚಿನವರು ವಯಸ್ಸಾದವರು.

ಪ್ರಸಾರವಾದ ದನಿ ಎಲ್ಲೋ ಭದ್ರವಾಗಿರುತ್ತದೆ ಅಂತ ನಂಬಿಕೊಳ್ಳಬೇಡಿ. 1967ರ ಮೊದಲ ಸೂಪರ್ ಬೌಲ್, ಅಂದರೆ ಅಮೆರಿಕನ್ ಫುಟ್‌ಬಾಲ್‌ನ ಫೈನಲ್ ಪಂದ್ಯವನ್ನು ಅಮೆರಿಕದ ಎರಡು ದೊಡ್ಡ ವಾಹಿನಿಗಳು ಪ್ರಸಾರ ಮಾಡಿದವು. ಪೂರ್ತಿ ಪ್ರಸಾರದ ಟೇಪನ್ನು ಎರಡೂ ಉಳಿಸಿಕೊಳ್ಳಲಿಲ್ಲ. 1960ರ ಬೇಸ್‌ಬಾಲ್ ವಿಶ್ವ ಸರಣಿಯ (ಅಮೆರಿಕದ ಬೇಸ್‌ಬಾಲ್ ಫೈನಲ್ ಸರಣಿ) ಏಳನೇ ಪಂದ್ಯದ ಪ್ರಸಾರವೂ ಕಳೆದೇ ಹೋಯಿತು ಅಂತ ಎಲ್ಲರೂ ಅಂದುಕೊಂಡಿದ್ದರು. ಕೊನೆಗೆ 2009ರಲ್ಲಿ ಗಾಯಕ ಬಿಂಗ್ ಕ್ರಾಸ್ಬಿಯವರ ಮನೆಯ ನೆಲಮಾಳಿಗೆಯಲ್ಲಿ ಐದು ರೀಲು ಸಿಕ್ಕವು. ಹಾಗಾಗಿ ಮೊದಲು ಬಾನುಲಿ ಕೇಂದ್ರವನ್ನು ಕೇಳಿ, ಆದರೆ ಮನೆಗಳ ಕಪಾಟು, ಅಟ್ಟಗಳನ್ನೂ ಬಿಡಬೇಡಿ. ಕೇಳುಗರು ಮನೆಯಲ್ಲಿ ರೆಕಾರ್ಡ್ ಮಾಡಿಕೊಂಡ ಕ್ಯಾಸೆಟ್‌ಗಳಲ್ಲೇ ಎಷ್ಟೋ ದನಿ ಉಳಿದಿರುತ್ತದೆ.

ಹಳೆ ಕ್ಯಾಸೆಟ್ ಸಿಕ್ಕಿತು ಅಂದುಕೊಳ್ಳಿ. ಕೂಡಲೇ ಟೇಪ್ ರೆಕಾರ್ಡರ್‌ಗೆ ಹಾಕಿ ಕೇಳುವ ಆಸೆ ಆಗುತ್ತದೆ. ತಡೆಯಿರಿ. ಮೊದಲು ಕ್ಯಾಸೆಟ್ಟಿನ ಮೇಲಂಚಿನಲ್ಲಿರುವ ಎರಡು ಪುಟ್ಟ ಪ್ಲಾಸ್ಟಿಕ್ ಹಲ್ಲುಗಳನ್ನು ಮುರಿಯಿರಿ. ಆಮೇಲೆ ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಹಳೆ ದನಿ ಅಳಿಸುವುದಿಲ್ಲ. ಪ್ಲೇಯರ್‌ನ ಹೆಡ್, ಅಂದರೆ ಟೇಪಿಗೆ ತಾಗಿ ಧ್ವನಿ ಓದುವ ಭಾಗ, ಸ್ವಚ್ಛ ಮಾಡಿ. ನಂತರ ಪ್ಲೇಯರ್‌ನ ಲೈನ್ ಔಟ್‌ನಿಂದ ಕಂಪ್ಯೂಟರ್‌ಗೆ ವೈರ್ ಎಳೆದು, ಮೊದಲ ಸಲ ಹಾಕುವಾಗಲೇ ರೆಕಾರ್ಡ್ ಮಾಡಿಕೊಳ್ಳಿ. ಹಳೆ ಟೇಪು ಎರಡನೇ ಸಲಕ್ಕೆ ತುಂಡಾಗಬಹುದು. ಸ್ಪೀಕರ್ ಮುಂದೆ ಮೊಬೈಲ್ ಹಿಡಿದು ರೆಕಾರ್ಡ್ ಮಾಡುವುದು ಬೇಡ, ಕೋಣೆಯ ಫ್ಯಾನ್ ಸದ್ದೆಲ್ಲ ಸೇರಿಕೊಳ್ಳುತ್ತದೆ. ಬೂಷ್ಟು ಹಿಡಿದ, ಅಂಟಂಟಾದ ಟೇಪನ್ನು ನೀವೇ ಹಾಕಬೇಡಿ. ಅದಕ್ಕೆ ಗೊತ್ತಿರುವವರು ಬೇಕು.

ಮೂಲ ಪ್ರತಿಯನ್ನು ಧ್ವನಿ ಕುಗ್ಗಿಸದೆ ಉಳಿಸುವ ವೇವ್ (WAV) ಫೈಲ್ ಆಗಿ, 24 ಬಿಟ್‌ನಲ್ಲಿ, ಕನಿಷ್ಠ 48 ಕಿಲೋಹರ್ಟ್ಸ್‌ನಲ್ಲಿ ಇಡಿ. ಒಂದು ಗಂಟೆಯ ಸ್ಟೀರಿಯೊ ಧ್ವನಿಗೆ ಸುಮಾರು 1 ಜಿಬಿ ಜಾಗ ಬೇಕು. ಜನರಿಗೆ ಕಳಿಸಲು ಎಂಪಿ3 ಪ್ರತಿ ಬೇರೆ ಮಾಡಿಕೊಳ್ಳಿ. ಒಟ್ಟು ಮೂರು ಪ್ರತಿ ಇರಲಿ. ಎರಡು ಬೇರೆ ಬೇರೆ ಬಗೆಯ ಸಾಧನದಲ್ಲಿ, ಒಂದು ಪ್ರತಿ ಬೇರೆ ಕಟ್ಟಡದಲ್ಲಿ. ಫೈಲಿಗೆ ಹೆಸರಿಡುವಾಗ ವರ್ಷ, ತಿಂಗಳು, ದಿನ, ಆಟ, ತಂಡಗಳು, ಕಾಮೆಂಟೇಟರ್ ಹೆಸರು ಇದೇ ಕ್ರಮದಲ್ಲಿ ಬರೆಯಿರಿ. 'ಹಳೆ ಕಾಮೆಂಟರಿ ಫೈನಲ್ ಹೊಸದು 2' ಅಂತ ಹೆಸರಿಟ್ಟರೆ ಮುಂದೆ ಯಾರಿಗೂ ಸಿಗುವುದಿಲ್ಲ.

ಇನ್ನೊಂದು ಮಾತು. ಪ್ರಸಾರದ ಹಕ್ಕು ಸಾಮಾನ್ಯವಾಗಿ ಪ್ರಸಾರ ಸಂಸ್ಥೆಯದ್ದಾಗಿರುತ್ತದೆ, ಕಾಮೆಂಟೇಟರ್‌ದಲ್ಲ. ಕಾರ್ಯಕ್ರಮದಲ್ಲಿ ಕೇಳಿಸುವ ಮೊದಲು, ಅಂತರ್ಜಾಲಕ್ಕೆ ಹಾಕುವ ಮೊದಲು ಲಿಖಿತ ಅನುಮತಿ ತೆಗೆದುಕೊಳ್ಳಿ.

ಕಾಗದಗಳನ್ನೂ ನೋಡಿ. ಕಾಮೆಂಟೇಟರ್‌ಗಳ ನೋಟ್‌ಬುಕ್ ತೆರೆದು ನೋಡಿದ್ದೀರಾ? ಪುಟದ ಎಡಕ್ಕೆ ಒಂದು ತಂಡ, ಬಲಕ್ಕೆ ಇನ್ನೊಂದು. ಜರ್ಸಿ ಸಂಖ್ಯೆ ದಪ್ಪಕ್ಷರದಲ್ಲಿ, ಪಕ್ಕದಲ್ಲಿ ಹೆಸರು. ಹೆಸರಿನ ಕೆಳಗೆ ಪೆನ್ಸಿಲ್‌ನಲ್ಲಿ ಅದನ್ನು ಹೇಗೆ ಉಚ್ಚರಿಸಬೇಕು ಅನ್ನುವ ಗುರುತು. 'ಎಡಗಾಲು', 'ಅಣ್ಣನೂ ಇದೇ ತಂಡದಲ್ಲಿದ್ದ', 'ಹೋದ ವರ್ಷ ಮೊಣಕಾಲು ಪೆಟ್ಟು' ಅಂತ ಅಂಚಿನಲ್ಲಿ ಸಣ್ಣ ಸಣ್ಣ ಟಿಪ್ಪಣಿ. ಹದಿನಾರು ವರ್ಷದ ಹುಡುಗನ ಹೆಸರನ್ನು ತಪ್ಪಿಲ್ಲದೆ ಹೇಳಲು ಒಬ್ಬರು ಹಿಂದಿನ ರಾತ್ರಿ ಎಷ್ಟು ಕೆಲಸ ಮಾಡುತ್ತಿದ್ದರು ಅನ್ನುವುದಕ್ಕೆ ಆ ಪುಟವೇ ಸಾಕ್ಷಿ. ಅದನ್ನು ಸ್ಕ್ಯಾನ್ ಮಾಡಿ, ಮೂಲವನ್ನು ಅವರಿಗೇ ವಾಪಸ್ ಕೊಡಿ. ಸಂಘಟಕರ ಮನೆಯಲ್ಲಿ ರಸೀದಿ ಪುಸ್ತಕ, ಸ್ಕೋರ್ ಪುಸ್ತಕ, ತಂಡದ ಪಟ್ಟಿ, ಮೈದಾನಕ್ಕಾಗಿ ಬರೆದ ಮನವಿ ಪತ್ರಗಳ ನಕಲು ಇರುತ್ತವೆ. ಹಳೆ ಸಾಮಾನು ಅಂತ ರದ್ದಿಗೆ ಹೋಗುವ ಮೊದಲು ನೋಡಿ.

ಸಂದರ್ಶನವಂತೂ ಬಿಡಲೇಬಾರದು. ಒಂದು ಗಂಟೆ, ಹೆಚ್ಚೆಂದರೆ ಒಂದೂವರೆ ಗಂಟೆ. ಅವರ ಮನೆಯಲ್ಲೇ, ಟಿವಿ ಆರಿಸಿ, ಬಾಗಿಲು ಹಾಕಿಕೊಂಡು ಮಾಡಿ. ಮೈಕ್ ಬಾಯಿಗೆ ಒಂದು ಗೇಣು ದೂರದಲ್ಲಿರಲಿ. ಹೌದು, ಇಲ್ಲ ಅಂತ ಮುಗಿಯುವ ಪ್ರಶ್ನೆ ಬೇಡ. ಇವು ಕೆಲಸಕ್ಕೆ ಬರುತ್ತವೆ:

- ಮೊದಲ ಪಂದ್ಯದ ದಿನ ನಿಮಗೆ ಮೈಕ್ ಯಾರು ಕೊಟ್ಟರು? ಯಾಕೆ ನಿಮಗೇ ಕೊಟ್ಟರು?
- ದುಡ್ಡು ಎಲ್ಲಿಂದ ಬರುತ್ತಿತ್ತು? ಬಾರದಿದ್ದಾಗ ಏನು ಮಾಡುತ್ತಿದ್ದಿರಿ?
- ಬಿಟ್ಟುಬಿಡೋಣ ಅಂತ ಯಾವಾಗ ಅನ್ನಿಸಿತು?
- ನಿಮ್ಮ ಜೊತೆ ಕೆಲಸ ಮಾಡಿದವರಲ್ಲಿ ಜನ ಮರೆತಿರುವುದು ಯಾರನ್ನು?

ಕೊನೆಯ ಪ್ರಶ್ನೆಯಿಂದ ಮುಂದಿನ ವರ್ಷದ ಪಟ್ಟಿಗೆ ಹೆಸರು ಸಿಗುತ್ತವೆ. ಕಾಮೆಂಟೇಟರ್ ಆದರೆ ಹಳೇ ಸ್ಕೋರ್ ಪುಸ್ತಕವನ್ನು ಮುಂದಿಟ್ಟು, 'ಈ ಕೊನೆಯ ಐದು ನಿಮಿಷ ಒಮ್ಮೆ ಹೇಳಿ ನೋಡೋಣ' ಅನ್ನಿ. ನಡುಗುವ ದನಿ ಎರಡನೇ ವಾಕ್ಯಕ್ಕೇ ಗಟ್ಟಿಯಾಗುವುದನ್ನು ಕೇಳುವ ಸಂತೋಷ ಬೇರೆಯೇ. ಅವರು ಸುಮ್ಮನಾದರೆ ನೀವೂ ಸುಮ್ಮನಿರಿ. ಮುಂದಿನ ಪ್ರಶ್ನೆಗೆ ಹಾರಬೇಡಿ.

ಹಂತ 5: ಪರಿಶೀಲನೆ

ಯಾರಿಗೂ ಇಷ್ಟವಾಗದ ಹಂತ. ಆದರೂ ಬಿಡುವ ಹಾಗಿಲ್ಲ. ವರ್ಷ, ತಂಡ, ಹುದ್ದೆ ಇವನ್ನು ಕನಿಷ್ಠ ಎರಡು ಕಡೆಯಿಂದ ಖಚಿತ ಮಾಡಿಕೊಳ್ಳಿ. ನೆನಪು ಐದಾರು ವರ್ಷ ಹಿಂದೆ ಮುಂದೆ ಆಗುವುದು ಸಹಜ. ಹಳೆ ಪತ್ರಿಕೆ, ಸ್ಮರಣ ಸಂಚಿಕೆ, ಸ್ಕೋರ್ ಪುಸ್ತಕ ನೋಡಿ. 'ಮೊಟ್ಟಮೊದಲ' ಅನ್ನುವ ಮಾತು ಬಂದಲ್ಲೆಲ್ಲ ನಿಂತು ನೋಡಿ. ಹತ್ತರಲ್ಲಿ ಎಂಟು ಸಲ ಅದಕ್ಕೂ ಮೊದಲು ಇನ್ನೊಬ್ಬರು ಇರುತ್ತಾರೆ.

ಮಕ್ಕಳ ಜೊತೆ ಕೆಲಸ ಮಾಡಿದವರ ಬಗ್ಗೆ ಇನ್ನೂ ಒಂದು ವಿಚಾರಣೆ ಕಡ್ಡಾಯ. ಅವರ ವಿರುದ್ಧ ದೂರು ಇದೆಯೇ, ಇತ್ತೇ? ಗಾಳಿಮಾತಿನ ಮೇಲೆ ಯಾರ ಹೆಸರನ್ನೂ ಕೆಡಿಸಬಾರದು. ಹಾಗಂತ 'ಹಿರಿಯರು, ಬಿಡಿ' ಅಂತ ಮುಚ್ಚಿಹಾಕಲೂ ಬಾರದು. ಸಮಿತಿಯ ಇಬ್ಬರು ಮಾತ್ರ ಗುಟ್ಟಾಗಿ ವಿಚಾರಿಸಲಿ, ಆ ಇಬ್ಬರಲ್ಲಿ ಒಬ್ಬರು ಮಹಿಳೆ ಇರಲಿ. ಗಂಭೀರ ವಿಷಯ ಕಂಡರೆ ಅದು ಪ್ರಶಸ್ತಿ ಸಮಿತಿಯ ಕೈಯಲ್ಲಿ ಉಳಿಯಬಾರದು, ಕಾನೂನಿನ ಪ್ರಕಾರ ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಗಬೇಕು. ಕೊಟ್ಟ ಗೌರವವನ್ನು ವಾಪಸ್ ಪಡೆಯುವ ನಿಯಮವೂ ಮೊದಲ ವರ್ಷವೇ ಇರಲಿ. ಆಮೇಲೆ ಮಾಡಹೋದರೆ ಒಬ್ಬರ ಮೇಲೆ ಗುರಿಯಿಟ್ಟು ಮಾಡಿದ ಹಾಗಾಗುತ್ತದೆ.

ಜೊತೆಗೆ ಆ ವ್ಯಕ್ತಿಯ ಒಪ್ಪಿಗೆ. ಕೆಲವರಿಗೆ ವೇದಿಕೆ ಹತ್ತುವುದೇ ಬೇಡ. ಅಚ್ಚರಿ ಕೊಡುತ್ತೇವೆ ಅಂತ ಹೊರಡಬೇಡಿ.

ಹಂತ 6: ಆಯ್ಕೆ

ಎಲ್ಲ ಸದಸ್ಯರಿಗೂ ಪ್ರತಿ ಹೆಸರಿನ ಎರಡು ಪುಟದ ಟಿಪ್ಪಣಿ ಒಂದು ವಾರ ಮೊದಲೇ ತಲುಪಲಿ. ಕಾಮೆಂಟೇಟರ್ ಆದರೆ ಐದು ನಿಮಿಷದ ಧ್ವನಿಯೂ ಇರಲಿ. ಸಭೆಯಲ್ಲಿ ದೀಪ ಆರಿಸಬೇಕಿಲ್ಲ, ಕಣ್ಣು ಮುಚ್ಚಿ ಕೇಳಿದರೆ ಸಾಕು. ವಿಡಿಯೊ ಹಾಕಬೇಡಿ. ಚಿತ್ರ ಇದ್ದರೆ ಆಟವೇ ಮನಸ್ಸನ್ನು ಎಳೆದುಕೊಳ್ಳುತ್ತದೆ, ಕಾಮೆಂಟರಿ ಹಿಂದೆ ಬೀಳುತ್ತದೆ.

ಮೊದಲು ಚರ್ಚೆ, ಆಮೇಲೆ ಗುಪ್ತ ಮತ. ನಾಲ್ಕರಲ್ಲಿ ಮೂರು ಪಾಲು ಒಪ್ಪಿದರೆ ಮಾತ್ರ ಆಯ್ಕೆ ಅಂತ ಇಡಿ. ಬೇಸ್‌ಬಾಲ್ ಹಾಲ್ ಆಫ್ ಫೇಮ್‌ನಲ್ಲಿ ಪತ್ರಕರ್ತರ ಮತದಾನಕ್ಕೆ ಶೇ 75 ಬೇಕು. ಹಾಕಿ ಹಾಲ್ ಆಫ್ ಫೇಮ್‌ನಲ್ಲಿ 18ರಲ್ಲಿ 14 ಮತ ಬೇಕು. ಅಂಕ ಕೊಟ್ಟು ಸರಾಸರಿ ತೆಗೆಯುವ ಪದ್ಧತಿ ನನಗೆ ಹಿಡಿಸುವುದಿಲ್ಲ. ಎಲ್ಲರಿಗೂ ಅರ್ಧಂಬರ್ಧ ಇಷ್ಟವಾದವರೇ ಅದರಲ್ಲಿ ಮೇಲೆ ಬರುತ್ತಾರೆ.

ಯಾರೂ ಆ ಮಟ್ಟ ಮುಟ್ಟದಿದ್ದರೆ ಆ ವರ್ಷ ಕೊಡಬೇಡಿ. 2021ರಲ್ಲಿ ಬೇಸ್‌ಬಾಲ್ ಪತ್ರಕರ್ತರ ಮತದಾನದಲ್ಲಿ ಒಬ್ಬರೂ ಆಯ್ಕೆಯಾಗಲಿಲ್ಲ. ಅದರಿಂದ ಆ ಸಂಸ್ಥೆಯ ಮರ್ಯಾದೆ ಏನೂ ಕಡಿಮೆಯಾಗಿಲ್ಲ. ಒಂದೇ ವರ್ಷ ಇಪ್ಪತ್ತು ಜನರಿಗೆ ಕೊಡುವ ಸಮಾರಂಭಗಳೂ ಇವೆಯಲ್ಲ, ಅಲ್ಲಿ ಹೆಸರು ಓದುವುದರಲ್ಲೇ ಸಂಜೆ ಮುಗಿಯುತ್ತದೆ. ವಿಭಾಗಕ್ಕೆ ಒಬ್ಬರು, ಹೆಚ್ಚೆಂದರೆ ಇಬ್ಬರು.

ಹಂತ 7: ಸನ್ಮಾನ ಪತ್ರ ಬರೆಯುವುದು

ಹೆಚ್ಚಿನ ಸನ್ಮಾನ ಪತ್ರಗಳಲ್ಲಿ ಹೆಸರು ಬದಲಿಸಿದರೆ ಯಾರಿಗೆ ಬೇಕಾದರೂ ಕೊಡಬಹುದು. 'ಕ್ರೀಡಾ ಕ್ಷೇತ್ರದಲ್ಲಿ ಅನುಪಮ ಸೇವೆ ಸಲ್ಲಿಸಿ, ಯುವಜನರಿಗೆ ಸ್ಫೂರ್ತಿಯ ಸೆಲೆಯಾಗಿ, ಸರಳ ಸಜ್ಜನಿಕೆಯ ಸಾಕಾರ ಮೂರ್ತಿಯಾಗಿ...' ಓದುವವರಿಗೂ ಸುಸ್ತು, ಕೇಳುವವರಿಗೂ ಸುಸ್ತು.

ಬದಲಿಗೆ ಹೀಗೆ ಬರೆದು ನೋಡಿ: 'ಹತ್ತೊಂಬತ್ತು ವರ್ಷ ಪ್ರತಿ ಭಾನುವಾರ ಇವರು ಸ್ಕೋರ್ ಬೋರ್ಡಿನ ಪಕ್ಕದ ಮೇಜಿಗೆ ಎಲ್ಲರಿಗಿಂತ ಮೊದಲು ಬರುತ್ತಿದ್ದರು. ಎರಡೂ ತಂಡದ ಮಕ್ಕಳ ಹತ್ತಿರ ಹೋಗಿ ಹೆಸರು ಕೇಳಿ ಬರೆದುಕೊಳ್ಳುತ್ತಿದ್ದರು. ಸೋತ ತಂಡದ ಹುಡುಗಿಯರೂ ಮನೆಗೆ ಹೋಗಿ, ಇವತ್ತು ಮೈಕ್‌ನಲ್ಲಿ ನನ್ನ ಹೆಸರು ಹೇಳಿದ್ರು ಅನ್ನುತ್ತಿದ್ದರು.' ಇದನ್ನು ಬೇರೆ ಯಾರಿಗೂ ಕೊಡಲಾಗುವುದಿಲ್ಲ. ಓದುವಾಗ ಗಂಟಲೂ ಒಣಗುವುದಿಲ್ಲ.

ಲೆಕ್ಕ ಸರಳ. ಮೊದಲ ವಾಕ್ಯದಲ್ಲಿ ಏನು ಮಾಡಿದರು, ಎಷ್ಟು ಕಾಲ. ಎರಡನೆಯದರಲ್ಲಿ ಕಣ್ಣಿಗೆ ಕಟ್ಟುವ ಒಂದು ಅಭ್ಯಾಸ. ಆಮೇಲೆ ಅದರಿಂದ ಯಾರಿಗೆ ಏನಾಯಿತು. 120 ಪದ ಸಾಕು, ಓದಲು ಒಂದು ನಿಮಿಷ. ಬರೆದ ಮೇಲೆ ಗುಣವಾಚಕಗಳನ್ನೆಲ್ಲ ಒಮ್ಮೆ ಹೊಡೆದುಹಾಕಿ ಓದಿ. ಏನೂ ಉಳಿಯದಿದ್ದರೆ ಸಂದರ್ಶನಕ್ಕೆ ವಾಪಸ್ ಹೋಗಿ. ಅಚ್ಚಿಗೆ ಕೊಡುವ ಮೊದಲು ಹೆಸರು, ಇನಿಷಿಯಲ್, ವರ್ಷಗಳನ್ನು ಮನೆಯವರಿಗೆ ತೋರಿಸಿ. ಬದುಕೆಲ್ಲ ಬೇರೆಯವರ ಹೆಸರನ್ನು ಸರಿಯಾಗಿ ಹೇಳಿದವರ ಹೆಸರನ್ನೇ ಫಲಕದಲ್ಲಿ ತಪ್ಪಾಗಿ ಕೆತ್ತಿದರೆ ಹೇಗಿರುತ್ತದೆ, ಯೋಚಿಸಿ.

ಹಂತ 8: ಏನು ಕೊಡುವುದು?

ಫಲಕ ಕೊಡಿ, ತಪ್ಪಿಲ್ಲ. ಆದರೆ ಅದು ಮನೆಯ ಗೋಡೆ ಸೇರಿದ ಮೇಲೆ ಬೇರೆ ಯಾರಿಗೂ ಕಾಣುವುದಿಲ್ಲ. ಕೆಲಸ ಮಾಡಿದ ಜಾಗದಲ್ಲೇ ಹೆಸರು ಉಳಿಯಲಿ. ಲಾಸ್ ಏಂಜಲೀಸ್‌ನ ಡಾಡ್ಜರ್ ಬೇಸ್‌ಬಾಲ್ ಕ್ರೀಡಾಂಗಣದ ಪತ್ರಕರ್ತರ ಕಟ್ಟೆಗೆ 2001ರಲ್ಲಿ ಕಾಮೆಂಟೇಟರ್ ವಿನ್ ಸ್ಕಲಿಯವರ ಹೆಸರಿಟ್ಟರು. ಆಗ ಅವರು ಇನ್ನೂ ಕೆಲಸದಲ್ಲಿದ್ದರು. ಒಂದೇ ತಂಡಕ್ಕೆ 67 ಋತು ಕಾಮೆಂಟರಿ ಹೇಳಿ ನಿವೃತ್ತರಾಗಿದ್ದು 2016ರಲ್ಲಿ. ತಮ್ಮದೇ ಹೆಸರಿನ ಕಟ್ಟೆಯಲ್ಲಿ ಕೂತು ಇನ್ನೂ 15 ವರ್ಷ ದುಡಿದರು.

ನನಗೆ ಇದಕ್ಕಿಂತ ಇಷ್ಟವಾಗುವುದು ಬಾಬ್ ಶೆಪರ್ಡ್ ಅವರಿಗೆ ಸಿಕ್ಕ ಗೌರವ. ಅವರು ನ್ಯೂಯಾರ್ಕ್‌ನ ಯಾಂಕಿ ಬೇಸ್‌ಬಾಲ್ ಕ್ರೀಡಾಂಗಣದಲ್ಲಿ 1951ರಿಂದ 2007ರವರೆಗೆ ಆಟಗಾರರ ಹೆಸರು ಕೂಗುತ್ತಿದ್ದವರು. ಆಟಗಾರ ಡೆರೆಕ್ ಜೀಟರ್ ತನ್ನ ಹೆಸರನ್ನು ಅವರ ದನಿಯಲ್ಲೇ ರೆಕಾರ್ಡ್ ಮಾಡಿಸಿ ಇಟ್ಟುಕೊಂಡರು. ಶೆಪರ್ಡ್ 2010ರಲ್ಲಿ ತೀರಿಕೊಂಡ ಮೇಲೂ, 2014ರಲ್ಲಿ ಜೀಟರ್ ಆಟ ಬಿಡುವವರೆಗೂ, ತವರು ಪಂದ್ಯಗಳಲ್ಲಿ ಅದೇ ದನಿ ಕೇಳಿಸುತ್ತಿತ್ತು. ಇದಕ್ಕೆ ದೊಡ್ಡ ಖರ್ಚಿಲ್ಲ. ನಿಮ್ಮ ಹಿರಿಯ ಕಾಮೆಂಟೇಟರ್ ದನಿಯಲ್ಲಿ ಟೂರ್ನಿಯ ಸ್ವಾಗತದ ಮಾತು, ತಂಡಗಳ ಹೆಸರು ಈಗಲೇ ರೆಕಾರ್ಡ್ ಮಾಡಿಕೊಳ್ಳಿ. ಅವರ ಒಪ್ಪಿಗೆ ಪತ್ರವನ್ನೂ ಜೊತೆಗಿಡಿ.

ಸಂಘಟಕರಿಗಾದರೆ, ಅವರನ್ನೇ ಕೇಳಿ. ಹೆಚ್ಚಿನವರು 'ನನಗೇನೂ ಬೇಡ, ಮಕ್ಕಳಿಗೆ ನೆಟ್ ಹಾಕಿಸಿಕೊಡಿ' ಅನ್ನುತ್ತಾರೆ. ಹಾಗಾದರೆ ನೆಟ್ ಹಾಕಿಸಿ, ಕಂಬಕ್ಕೆ ಅವರ ಹೆಸರಿನ ಚಿಕ್ಕ ತಗಡು ಹಾಕಿ.

ದುಡ್ಡಿನ ವಿಷಯದಲ್ಲಿ ಎರಡೇ ಮಾತು. ಪ್ರಾಯೋಜಕರ ಹೆಸರು ಕರಪತ್ರದ ಕೆಳಗೆ ಇರಬಹುದು, ಆಯ್ಕೆ ಸಭೆಯಲ್ಲಿ ಅವರು ಇರಬಾರದು. ನಾಮನಿರ್ದೇಶನಕ್ಕಾಗಲಿ ಪ್ರಶಸ್ತಿಗಾಗಲಿ ಶುಲ್ಕ ತೆಗೆದುಕೊಂಡರೆ ಅದು ಪ್ರಶಸ್ತಿಯಲ್ಲ, ವ್ಯಾಪಾರ.

ಹಂತ 9: ಕಾರ್ಯಕ್ರಮ

ಪಂದ್ಯದ ನಡುವಿನ ವಿರಾಮದಲ್ಲಿ ಹತ್ತು ನಿಮಿಷ, ಇಲ್ಲವೇ ಬೇರೆ ದಿನ ಒಂದೂವರೆ ಗಂಟೆ. ಮೈದಾನದಲ್ಲೇ ಮಾಡಿದರೆ ಒಳ್ಳೆಯದು, ಸನ್ಮಾನಿತರನ್ನು ಬಲ್ಲವರು ಅಲ್ಲೇ ಇರುತ್ತಾರೆ. ಮೊದಲು ಧ್ವನಿ ಕೇಳಿಸಿ. ನಲವತ್ತು ಸೆಕೆಂಡಿನ ಹಳೆ ಕಾಮೆಂಟರಿ, ಯಾವ ಪೀಠಿಕೆಯೂ ಇಲ್ಲದೆ. ಆಮೇಲೆ ಸನ್ಮಾನ ಪತ್ರ. ಓದುವುದನ್ನು ಮುಖ್ಯ ಅತಿಥಿಗೆ ಬಿಡಬೇಡಿ. ಸನ್ಮಾನಿತರ ಕೈಯಲ್ಲಿ ಆಡಿ ಬೆಳೆದ ಒಬ್ಬರು ಓದಲಿ. ಅತಿಥಿ ಭಾಷಣ ಒಂದೇ, ಮೂರು ನಿಮಿಷ. ಉಳಿದ ಸಮಯ ಸನ್ಮಾನಿತರದ್ದು.

ಚಿಕ್ಕ ವಿಷಯಗಳೇ ಕೈಕೊಡುವುದು. ವೇದಿಕೆಗೆ ಮೆಟ್ಟಿಲು ಜಾಸ್ತಿ ಇದ್ದರೆ ಅವರು ಕೂತಲ್ಲಿಗೇ ಹೋಗಿ ಗೌರವಿಸಿ. ಕಿವಿ ಮಂದ ಇದ್ದರೆ ಸ್ಪೀಕರ್ ಎದುರು ಕೂರಿಸಬೇಡಿ. ಮನೆಯಿಂದ ಕರೆತರಲು, ವಾಪಸ್ ಬಿಡಲು ಒಬ್ಬರಿಗೆ ಹೆಸರು ಹಿಡಿದು ಜವಾಬ್ದಾರಿ ಕೊಡಿ. ಮನೆಯವರಿಗೆ ಮುಂದಿನ ಸಾಲು ಇರಲಿ. ಭಾನುವಾರಗಳನ್ನು ಕಳೆದುಕೊಂಡವರು ಅವರೂ ಹೌದಲ್ವಾ? ಮೈಕ್ ಪರೀಕ್ಷೆಯನ್ನು ಒಂದು ಗಂಟೆ ಮೊದಲೇ ಮುಗಿಸಿ. ಕಾಮೆಂಟೇಟರ್ ಸನ್ಮಾನದಲ್ಲಿ ಮೈಕ್ ಕುಯ್‌ಗುಟ್ಟಿದರೆ ಅವರೇ ಎದ್ದು ಬಂದು ಸರಿಮಾಡುತ್ತಾರೆ!

ತೀರಿಕೊಂಡವರಿಗೆ ಕೊಡುವುದಾದರೆ ಮನೆಯವರನ್ನು ಮೊದಲೇ ಭೇಟಿ ಮಾಡಿ, ಯಾವ ಧ್ವನಿ ಹಾಕುತ್ತೇವೆ ಅಂತ ಕೇಳಿಸಿ. ತುಂಬಿದ ಸಭೆಯಲ್ಲಿ ಆ ದನಿ ಹಠಾತ್ತನೆ ಕೇಳಿಬಂದರೆ ಅವರಿಗೆ ತಡೆದುಕೊಳ್ಳುವುದು ಕಷ್ಟ.

ಹಂತ 10: ಮರುದಿನದಿಂದ

ಒಂದು ವಾರದೊಳಗೆ ಸಂದರ್ಶನ, ಧ್ವನಿ, ಸ್ಕ್ಯಾನ್ ಮಾಡಿದ ಪುಟಗಳ ಒಂದು ಪ್ರತಿಯನ್ನು ಸನ್ಮಾನಿತರ ಮನೆಗೆ ಮುಟ್ಟಿಸಿ. ಇನ್ನೊಂದನ್ನು ಹತ್ತಿರದ ಸಾರ್ವಜನಿಕ ಗ್ರಂಥಾಲಯಕ್ಕೋ ಕಾಲೇಜಿಗೋ ಕೊಡಿ. ಸಂಘ ಮುಚ್ಚಿದರೂ ಅದು ಉಳಿಯುತ್ತದೆ. ಆಯ್ಕೆಯಾಗದವರ ದಾಖಲೆಯೂ ಅದರ ಜೊತೆಗೇ ಹೋಗಲಿ.

ಸನ್ಮಾನಿತ ಕಾಮೆಂಟೇಟರ್‌ಗೆ ಆರೋಗ್ಯ ಸರಿಯಿದ್ದರೆ, ಮುಂದಿನ ಟೂರ್ನಿಯಲ್ಲಿ ಅವರ ಪಕ್ಕ ಇಬ್ಬರು ಕಾಲೇಜು ಹುಡುಗ ಹುಡುಗಿಯರನ್ನು ಕೂರಿಸಿ. ಪಾಠ ಗೀಠ ಬೇಡ. ಮೊದಲ ದಿನ ಅವರು ಬರೀ ಆಟಗಾರರ ಹೆಸರಿನ ಪಟ್ಟಿ ಬರೆಯಲಿ, ಉಚ್ಚಾರ ಕೇಳಿ ತಿಳಿದುಕೊಳ್ಳಲಿ. ಎರಡನೇ ದಿನ ಸ್ಕೋರ್ ಹೇಳಲಿ. ಮೂರನೇ ದಿನ ಎರಡು ನಿಮಿಷ ಮೈಕ್ ಕೊಡಿ.

ಸಮಿತಿಯ ಮುಂದಿನ ಸಭೆಯ ದಿನಾಂಕವನ್ನು ಕಾರ್ಯಕ್ರಮ ಮುಗಿದ ಒಂದು ತಿಂಗಳೊಳಗೆ ಇಟ್ಟುಕೊಳ್ಳಿ. ಸಂದರ್ಶನಗಳಲ್ಲಿ 'ಜನ ಮರೆತಿರುವುದು ಇವರನ್ನು' ಅಂತ ಬಂದ ಹೆಸರುಗಳೇ ಆ ಸಭೆಯ ಮೊದಲ ವಿಷಯ. ಅವರಲ್ಲಿ ವಯಸ್ಸು ಹೆಚ್ಚಾದವರಿಂದ ಶುರುಮಾಡಿ. ಮೊದಲ ಸಂದರ್ಶನದ ದಿನವನ್ನೂ ಅಲ್ಲೇ ಗೊತ್ತುಮಾಡಿ, ಯಾರು ಹೋಗುತ್ತಾರೆ ಅಂತ ಹೆಸರು ಬರೆದುಕೊಂಡೇ ಏಳಿ.